ನಾಲ್ಕು ತಪ್ಪಿಗೆ ಒಂದು ಸರಿ

ಸರ್ ತೀರಿಕೊಂಡರು ಎಂದು ಅರಸೀಕೆರೆಯಿಂದ ಫೋನ್ ಬಂದಾಗ ನಾನು ಕಚೇರಿಯಲ್ಲಿ ಕೂತು ಒಂದು ಜಮೀನಿನ ತಕರಾರು ಕೇಳುತ್ತಿದ್ದೆ. ಅಳು ಬರಲಿಲ್ಲ. ಅಂಗೈ ಉರಿಯಿತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಅವರ ಕೈಯಲ್ಲಿ ಏಟು ತಿಂದವರಿಗೆಲ್ಲ ಅವತ್ತು ಹೀಗೇ ಆಗಿರಬೇಕು. ಡಿಗ್ರಿ ಮುಗಿಸಿದ ಮೀಸೆ ಹೊತ್ತ ಗಂಡಸರನ್ನೂ, ಮಗು ಹೆತ್ತ ಹೆಂಗಸರನ್ನೂ ಒಂದೇ ಹುಣಸೆ ಬರಲಿನಲ್ಲಿ ಬಾರಿಸಿದ ಮನುಷ್ಯ ನಮ್ಮ ಸೀಮೆಯಲ್ಲಿ ಅವರೊಬ್ಬರೇ. ಈಗ ತಹಶೀಲ್ದಾರ್ ಎಂದು ಬೋರ್ಡು ಹಾಕಿಕೊಂಡು ಕೂತಿರುವ ನಾನೂ ಆ ಸಾಲಿನಲ್ಲಿ ಕೈ ಚಾಚಿ ನಿಂತವಳೇ.

ಅರಸೀಕೆರೆಯ ಸ್ಟೇಷನ್ ಹಿಂದಿನ ಬೀದಿಯಲ್ಲಿ ಶಿವಮ್ಮ ಅನ್ನುವವರ ಕೊಬ್ಬರಿ ಅಂಗಡಿ ಇತ್ತು. ಅದರ ಮೇಲೆ ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ. ಅದೇ ನಮ್ಮ ಕೋಚಿಂಗ್. ಬೋರ್ಡಿಲ್ಲ, ಜಾಹೀರಾತಿಲ್ಲ. ಕೆಎಎಸ್ ಬರೆಯಬೇಕೆಂಬ ಹುಚ್ಚು ಹಿಡಿದವರು ಬೇಲೂರು, ಹಳೇಬೀಡು, ಬಾಣಾವರದಿಂದೆಲ್ಲ ಬಸ್ಸು ಹತ್ತಿ ಅಲ್ಲಿಗೆ ಬರುತ್ತಿದ್ದರು. ಕೆಳಗಿನಿಂದ ಕೊಬ್ಬರಿಯ ವಾಸನೆ ಏರಿ ಬಂದು ಪುಸ್ತಕಕ್ಕೆಲ್ಲ ಹತ್ತಿಕೊಳ್ಳುತ್ತಿತ್ತು. ಇವತ್ತಿಗೂ ಸಂವಿಧಾನ ಎಂದರೆ ನನಗೆ ಮೊದಲು ಮೂಗಿಗೆ ಬರುವುದು ಕೊಬ್ಬರಿ.

ಮೊದಲ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬೇಲೂರಿನ ಒಬ್ಬ ಇಂಜಿನಿಯರ್ ಹುಡುಗನನ್ನು ಸರ್ ಎಬ್ಬಿಸಿದರು.

“ರಾಜ್ಯಪಾಲರನ್ನ ನೇಮಕ ಮಾಡೋರು ಯಾರಪ್ಪಾ?”

“ಪ್ರಧಾನ ಮಂತ್ರಿ ಇರಬೇಕು ಸರ್.”

ಛಟೀರ್ ಅಂತ ಬಿತ್ತು ಕೆನ್ನೆಗೆ. ಹುಡುಗನ ಕನ್ನಡಕ ಹಾರಿ ನನ್ನ ಕಾಲ ಬಳಿ ಬಂತು.

“ಇರಬೇಕಾ? ಇರಬೇಕು ಅಂದ್ರೆ ಏನ್ಲಾ? ಗೊತ್ತಾ, ಗೊತ್ತಿಲ್ವಾ?”

“ಗೊತ್ತಿಲ್ಲ ಸರ್.”

“ಹಂಗೆ ಹೇಳು. ಗೊತ್ತಿಲ್ದೇ ಇರೋದು ತಪ್ಪಲ್ಲ. ಕೂತ್ಕೋ. ಕನ್ನಡಕ ಒಡೆದಿದ್ರೆ ಹೇಳು, ಕೊಡಿಸ್ತೀನಿ.”

ಎದ್ದು ಬಸ್ ಸ್ಟ್ಯಾಂಡಿಗೆ ಓಡಿಬಿಡೋಣ ಅನಿಸಿತ್ತು ನನಗೆ. ಯಾಕೆ ಓಡಲಿಲ್ಲವೋ, ದೇವರಿಗೇ ಗೊತ್ತು. ಮನೆಗೆ ಹೋದರೆ ಅಣ್ಣ ಮದುವೆಯ ಮಾತು ತೆಗೆಯುತ್ತಾನೆ ಎಂಬ ಭಯ ಈ ಮನುಷ್ಯನ ಭಯಕ್ಕಿಂತ ಒಂದು ಗುಲಗಂಜಿ ಹೆಚ್ಚಿತ್ತು ಅಂತ ಕಾಣುತ್ತದೆ.

ಅವರ ಕಾನೂನು ಸರಳ. ಪ್ರಿಲಿಮ್ಸ್‌ನಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಳೆಯುತ್ತಾರಲ್ಲ, ಅದನ್ನು ಅವರು ನಮ್ಮ ಮೈಮೇಲೆ ಇಳಿಸಿದ್ದರು. ಊಹೆ ಮಾಡಿ ತಪ್ಪು ಬರೆದರೆ ಒಂದೇಟು. ಗೊತ್ತಿಲ್ಲ ಎಂದು ಖಾಲಿ ಬಿಟ್ಟರೆ ಏನೂ ಇಲ್ಲ. ಗೊತ್ತಿದ್ದೂ ಪುಕ್ಕಲುತನದಿಂದ ಬಿಟ್ಟುಬಂದರೆ ಎರಡೇಟು. “ನಾಲ್ಕು ತಪ್ಪು ಸೇರಿ ಒಂದು ಸರೀನ ಕೊಲ್ತವೆ, ನೆನಪಿರಲಿ,” ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹೇಳುವಾಗ ದನಿಯಲ್ಲಿ ನಿಜವಾಗಿಯೂ ಯಾರೋ ಕೊಲೆಯಾದ ಹಾಗೆ ಸಂಕಟ ಇರುತ್ತಿತ್ತು. ಅವರೂ ಹಿಂದೆ ಇಂಟರ್‌ವ್ಯೂ ತನಕ ಹೋಗಿ ಬಂದವರು. ಕೊನೆಯ ಪ್ರಯತ್ನದಲ್ಲಿ ಗಾಬರಿ ಬಿದ್ದು ಊಹೆಯ ಮೇಲೆ ಊಹೆ ಹೊಡೆದು ಪ್ರಿಲಿಮ್ಸ್‌ನಲ್ಲೇ ಮುಗ್ಗರಿಸಿದ್ದರಂತೆ. ವಯಸ್ಸು ಮೀರಿತು. ಮದುವೆಯಾಗಲಿಲ್ಲ. ಮಾದಿಹಳ್ಳಿಯಲ್ಲಿದ್ದ ಗದ್ದೆಯನ್ನು ತಂಗಿಗೆ ಬಿಟ್ಟು, ಒಂದು ಟ್ರಂಕು ಪುಸ್ತಕ ಹೊತ್ತು ಅರಸೀಕೆರೆಗೆ ಬಂದರು. ಆ ಸಿಟ್ಟನ್ನೆಲ್ಲ ನಮ್ಮ ಅಂಗೈಗಳ ಮೇಲೆ ತೀರಿಸಿಕೊಂಡರು.

ಹೊಡೆದದ್ದು ಸರಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಾಲಿಗೆ ಸೇದಿಹೋಗಲಿ. ಬಿಕ್ಕೋಡಿನ ಒಬ್ಬನಿಗೆ ಅವರ ಏಟಿನಿಂದ ವಾರಗಟ್ಟಲೆ ಕಿವಿ ಕೇಳಿಸಲಿಲ್ಲ. ಸರ್ ತಾವೇ ಅವನನ್ನು ಹಾಸನದ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಕೈ ಹಿಡಿದು ಕೂತಿದ್ದರಂತೆ, ಅದೂ ನಿಜ. ಹಿಂದಿರುಗಿ ಬಂದು ಮರುದಿನವೇ ಇನ್ನೊಬ್ಬನಿಗೆ ಬಾರಿಸಿದ್ದೂ ನಿಜ. ಈಗ ನನ್ನ ಕಚೇರಿಯಲ್ಲಿ ಯಾರಾದರೂ ಹಾಗೆ ಕೈ ಎತ್ತಿದರೆ ಸಂಜೆಯೊಳಗೆ ಒಳಗೆ ಹಾಕಿಸುತ್ತೇನೆ.

ಒಂದು ಸಲ ಯಗಚಿ ಯಾವ ನದಿಯನ್ನು ಸೇರುತ್ತದೆ ಎಂಬ ಪ್ರಶ್ನೆ ಬಂತು. ನಾನು ಹೇಮಾವತಿ ಎಂದೆ. ಅವರ ಬಳಿ ಇದ್ದ ಗೈಡಿನಲ್ಲಿ ಕಾವೇರಿ ಎಂದಿತ್ತು. ಅಂಗೈಗೆ ಬಿತ್ತು. ಮೈ ಉರಿದುಹೋಯಿತು ನನಗೆ. ಬೇಲೂರಿನ ಪಕ್ಕದ ನೀರು ಎಲ್ಲಿಗೆ ಹೋಗುತ್ತದೆ ಎಂದು ಹಳೇಬೀಡಿನವಳಿಗೆ ಯಾರೋ ಎಲ್ಲೋ ಕೂತು ಬರೆದ ಗೈಡು ಹೇಳಬೇಕೇ?

“ಗೊರೂರಿನ ಹತ್ರ ಹೋಗಿ ಕಣ್ಣಲ್ಲಿ ನೋಡ್ಕೊಂಡು ಬನ್ನಿ ಸರ್. ಹೇಮಾವತಿಗೆ ಸೇರಿ, ಆಮೇಲೆ ಕಾವೇರಿಗೆ ಹೋಗೋದು. ನನ್ನದು ತಪ್ಪಾದ್ರೆ ಹತ್ತೇಟು ಹೊಡೀರಿ,” ಎಂದು ಕಿರುಚಿದೆ.

ಅವರು ನಕಾಶೆ ಬಿಚ್ಚಿ, ನೀಲಿ ಗೆರೆಯ ಮೇಲೆ ಬೆರಳಿಟ್ಟು ನಿಧಾನಕ್ಕೆ ಇಳಿದರು. ಆಮೇಲೆ ಗೈಡನ್ನು ಕಿಟಕಿಯಿಂದ ಆಚೆ ಎಸೆದರು. ಕೆಳಗಿನಿಂದ ಶಿವಮ್ಮ “ಯಾವನ್ಲಾ ಅವನು!” ಎಂದು ಬೈದದ್ದು ಕೇಳಿಸಿತು. ಸರ್ ನನ್ನ ಮುಂದೆ ಬಂದು ಬರಲನ್ನು ನನ್ನ ಕೈಗಿಟ್ಟು, ತಮ್ಮ ಬಲ ಅಂಗೈ ಚಾಚಿದರು.

“ನಿಂದು ಸರಿ. ಹೊಡಿ.”

ಯಾರಾದರೂ ಮರ್ಯಾದಸ್ಥ ಹೆಣ್ಣುಮಗಳಾಗಿದ್ದರೆ ಬೇಡ ಸರ್ ಅನ್ನುತ್ತಿದ್ದಳು. ನಾನು ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಎಳೆದೆ ನೋಡಿ, ಬಾಸುಂಡೆ ಎದ್ದು ರಕ್ತ ಜಿನುಗಿತು. ಅವರು ಕೈ ಹಿಂತೆಗೆಯಲಿಲ್ಲ. “ಭೇಷ್. ಆಫೀಸರ್ ಆಗ್ತೀಯ,” ಎಂದು ಅದೇ ಕೈಯಲ್ಲಿ ಸೀಮೆಸುಣ್ಣ ಹಿಡಿದರು. ಬೋರ್ಡಿನ ಮೇಲೆ ಹೇಮಾವತಿ ಎಂದು ಬರೆದ ಅಕ್ಷರಕ್ಕೆ ಕೆಂಪು ಹತ್ತಿತ್ತು.

ಇನ್ನೊಂದು ಕಾನೂನು ಇತ್ತು, ಹೆಣ್ಣುಮಕ್ಕಳಿಗೆ ಮಾತ್ರ. ಅರ್ಜಿ ತುಂಬುವಾಗ ನಮ್ಮಲ್ಲಿ ಯಾರೂ ಹಾಸನವನ್ನು ಪರೀಕ್ಷಾ ಕೇಂದ್ರ ಎಂದು ಹಾಕುವಂತಿರಲಿಲ್ಲ. “ಹಾಸನ ಅಂತ ಹಾಕಿದ್ರೆ ಕೈ ಮುರೀತೀನಿ” ಎನ್ನುತ್ತಿದ್ದರು. ಮೈಸೂರು ಹಾಕಿ, ದಾವಣಗೆರೆ ಹಾಕಿ, ಎಲ್ಲಾದರೂ ಹಾಕಿ. ಗಂಡು ಹುಡುಗರು ಗೊಳ್ಳನೆ ನಗುತ್ತಿದ್ದರು. ನಾವೂ ಇದ್ಯಾವ ಮೂಢನಂಬಿಕೆ ಎಂದುಕೊಂಡಿದ್ದೆವು. ಕಾರಣವನ್ನು ಅವರು ಒಂದೇ ಒಂದು ಸಲ ಹೇಳಿದರು, ಅದೂ ಬೋರ್ಡಿನ ಕಡೆ ಮುಖ ಮಾಡಿಕೊಂಡು. ನಮಗಿಂತ ಮೊದಲು ಅರೇಹಳ್ಳಿ ಕಡೆಯ ಒಬ್ಬಳು ಅವರ ಹತ್ತಿರ ಓದುತ್ತಿದ್ದಳು. ಹಾಸನದ ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಅವಳ ಸೋದರಮಾವಂದಿರು ಕಾದು ನಿಂತಿದ್ದು, ಜಡೆ ಹಿಡಿದು ಜೀಪಿನ ತನಕ ಎಳೆದುಕೊಂಡು ಹೋದರು. ಬಿಡಿಸಲು ಹೋದ ಸರ್‌ರನ್ನು ಒದ್ದು ಮೋರಿಗೆ ಕೆಡವಿದರು. ಸುತ್ತ ನಿಂತವರು ಮನೆ ಜಗಳ ಎಂದು ನೋಡಿಕೊಂಡು ನಿಂತರು. “ಅವಳು ನಿನ್ನೆ ಮೊನ್ನೆ ಬಂದವಳಲ್ಲ. ಪಾಸಾಗ್ತಿದ್ಲು,” ಎಂದಷ್ಟೇ ಹೇಳಿ ಸರ್ ಪಾಠ ಮುಂದುವರಿಸಿದರು.

ನನ್ನ ಸರದಿ ಬಂತು. ಅಪ್ಪ ಹೋದ ಮೇಲೆ ಮನೆಯ ಯಜಮಾನಿಕೆ ಅಣ್ಣನದು. ಹಳೇಬೀಡಿನಲ್ಲಿ ಅವನದು ಕಬ್ಬಿಣ, ಸಿಮೆಂಟಿನ ಅಂಗಡಿ. ಕೆಟ್ಟವನು ಎಂದು ಯಾರೂ ಅನ್ನುವಂತಿಲ್ಲ. ನನ್ನನ್ನು ಹೆಗಲ ಮೇಲೆ ಹೊತ್ತು ದೇವಸ್ಥಾನದ ಸುತ್ತ ತಿರುಗಿಸಿದವನು. ಆದರೆ ಮಾತು ಕೊಟ್ಟರೆ ಮುಗಿಯಿತು, ಎದುರಿಗೆ ದೇವರೇ ಬಂದರೂ ತಿರುಗುವವನಲ್ಲ. ಪ್ರಿಲಿಮ್ಸ್ ಇದ್ದ ಭಾನುವಾರವೇ ನನ್ನ ನಿಶ್ಚಿತಾರ್ಥ ಎಂದು ಗಂಡಿನ ಕಡೆಯವರಿಗೆ ಮಾತು ಕೊಟ್ಟುಬಿಟ್ಟಿದ್ದ.

“ಅವತ್ತು ಪರೀಕ್ಷೆ ಐತೆ ಕಣಣ್ಣ,” ಎಂದೆ.

“ಪರೀಕ್ಷೆ ಇವತ್ತಲ್ದಿದ್ರೆ ನಾಳೆ ಬತ್ತದೆ. ಒಳ್ಳೆ ಗಂಡು ಬತ್ತದಾ? ನೀನು ಓದಿ ಯಾವ ಕೋಟೆ ಕೊಳ್ಳೆ ಹೊಡೀಬೇಕಾಗೈತೆ?”

ಕೆಎಎಸ್ ಅಧಿಸೂಚನೆ ಬರುವುದೇ ಅಪರೂಪ. ಇದು ಕೈ ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ನನ್ನ ಕಂಕುಳಲ್ಲಿ ಎರಡು ಮಕ್ಕಳಿರುತ್ತವೆ. ಅರಸೀಕೆರೆಗೆ ಹೋಗಿ ಪುಸ್ತಕ ತರುತ್ತೇನೆ ಎಂದು ಬಸ್ಸು ಹತ್ತಿದೆ. ಸರ್‌ಗೆ ಹೇಳಿದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಂಗಿ ಬದಲಿಸಿ ಬಂದು, ಮಧ್ಯಾಹ್ನದ ರೈಲಿಗೆ ನನ್ನನ್ನು ತಾವೇ ಹತ್ತಿಸಿದರು. ನನ್ನ ಪರೀಕ್ಷಾ ಕೇಂದ್ರವಿದ್ದ ದಾವಣಗೆರೆಯಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಗೆ ಹೋಗಲು ಹೇಳಿದರು. ರೈಲು ಹೊರಟಾಗ ಕಿಟಕಿಯ ಸರಳು ಹಿಡಿದು ಹೆಜ್ಜೆ ಹಾಕುತ್ತ ಗದರಿದರು, “ಫೋನ್ ಆಫ್ ಮಾಡು. ಊಹೆ ಹೊಡೆದ್ಯೋ, ಚರ್ಮ ಸುಲೀತೀನಿ.”

ಭಾನುವಾರ ನಾನು ದಾವಣಗೆರೆಯಲ್ಲಿ ಪತ್ರಿಕೆ ಬಿಡಿಸುತ್ತ ಕೂತಿದ್ದ ಹೊತ್ತಿಗೆ ಅರಸೀಕೆರೆಯಲ್ಲಿ ಏನಾಯಿತು ಎಂಬುದನ್ನು ನನಗೆ ಹೇಳಿದವರು ಶಿವಮ್ಮ. ಸೋಮವಾರ ಬೆಳಿಗ್ಗೆ ರೈಲಿಳಿದು ನೇರ ಕೋಚಿಂಗಿಗೆ ಹೋದೆ. ಅವರು ಅಂಗಡಿಯ ಮೆಟ್ಟಿಲನ್ನು ಬಕೆಟ್ಟುಗಟ್ಟಲೆ ನೀರು ಸುರಿದು ಉಜ್ಜುತ್ತಿದ್ದರು. ನನ್ನನ್ನು ಕಂಡದ್ದೇ ಪೊರಕೆ ಬಿಸಾಕಿ ಎದೆ ಬಡಿದುಕೊಂಡರು.

“ನಾನು ಕಾಯಿ ಒಡೀತಾ ಕುಂತಿದ್ದೆ ಕಣವ್ವ. ನಾಕು ಜನ ಮೇಲಕ್ಕೆ ಹೋದ್ರು. ಆಮೇಲೆ ಏಟಿನ ಸದ್ದು. ಮೇಷ್ಟ್ರು ಯಾರಿಗೋ ಬಾರಿಸ್ತಾವ್ರೆ ಅಂದ್ಕೊಂಡು ಸುಮ್ಕಾದೆ. ದಿನಾ ಅದೇ ಸದ್ದಲ್ವಾ? ಅವತ್ತು ಪರೀಕ್ಷೆ, ಮೇಲೆ ಒಂದು ನರಪಿಳ್ಳೆನೂ ಇಲ್ಲ ಅನ್ನೋದು ನನ್ನ ಸುಡುಗಾಡು ತಲೆಗೆ ಹೊಳೀಲೇ ಇಲ್ಲ. ಬೀದಿಯೋರೂ ಅಷ್ಟೇ, ಒಬ್ಬನೂ ತಲೆ ಎತ್ತಿ ನೋಡಲಿಲ್ಲ.”

“ಆಮೇಲೆ?”

“ಆಮೇಲೆ ಕಾಯಿ ಒಡೆಯೋದು ನಿಲ್ಲಿಸಿ ಕಿವಿ ಕೊಟ್ಟೆ. ದಿನಾ ಏಟಿನ ಹಿಂದೆ ಮೇಷ್ಟ್ರ ಬಯ್ಗುಳ ಬತ್ತಿತ್ತು. ಅವತ್ತು ಬರೀ ಏಟು ಬತ್ತಾ ಇತ್ತು, ಬಯ್ಗುಳ ಇಲ್ಲ. ಮಚ್ಚು ಹಿಡ್ಕೊಂಡೇ ಮೇಲಕ್ಕೆ ಓಡಿದೆ.”

ಮೇಲೆ ನನ್ನ ಅಣ್ಣ, ನಮ್ಮ ಚಿಕ್ಕಪ್ಪನ ಮಗ, ಗಂಡಿನ ಕಡೆಯ ಇಬ್ಬರು ಇದ್ದರು. ಬೆಳಿಗ್ಗೆಯೇ ಹಾಸನದ ಪರೀಕ್ಷಾ ಕೇಂದ್ರಗಳ ಗೇಟುಗಳನ್ನೆಲ್ಲ ಸುತ್ತಿ, ನಾನು ಸಿಗದೆ, ಅಲ್ಲಿಗೆ ಬಂದಿದ್ದರು. ಮಧ್ಯಾಹ್ನದ ಪತ್ರಿಕೆಗೆ ಮೊದಲು ನನ್ನನ್ನು ಹಿಡಿಯುವುದು ಅವರ ಲೆಕ್ಕ. ಇಬ್ಬರು ಸರ್‌ರನ್ನು ಬೆಂಚಿಗೆ ಒತ್ತಿ ಹಿಡಿದಿದ್ದರು. ಬಲಗೈಯನ್ನು ಬೆಂಚಿನ ಮೇಲೆ ಚಾಚಿಸಿದ್ದರು. ತನ್ನ ಅಂಗಡಿಯಿಂದ ತಂದ ಕಬ್ಬಿಣದ ತುಂಡು ಅಣ್ಣನ ಕೈಯಲ್ಲಿತ್ತು. ಯಾವೂರು ಎಂದು ಕೇಳುವುದು, ಹೊಡೆಯುವುದು. ಯಾವೂರು, ಹೊಡೆಯುವುದು.

“ಗೊತ್ತಿಲ್ಲ ಅಂದುಬಿಡೋದಲ್ವೇನವ್ವಾ?” ಶಿವಮ್ಮ ಅಳುತ್ತ ಕೇಳಿದರು. “ಇಲ್ದಿದ್ರೆ ಯಾವುದೋ ಸುಳ್ಳು ಊರು ಹೇಳಿದ್ರೆ ಆಗ್ತಿತ್ತು, ಮುಂಡೇವು ಅತ್ಲಾಗೆ ಓಡಿ ಹೋಗ್ತಿದ್ವು. ಇವ್ರು ಏನಂದ್ರು ಗೊತ್ತಾ? ಗೊತ್ತು, ಹೇಳಲ್ಲ, ಅಂದ್ರು. ಪ್ರತಿ ಸಲಾನೂ ಅದೇ. ಗೊತ್ತು, ಹೇಳಲ್ಲ. ಕೈ ಮೂಳೆ ಲಟಲಟ ಅಂತಿತ್ತು ಕಣವ್ವ. ಜಪ್ಪಯ್ಯ ಅಂದ್ರೂ ಊರ ಹೆಸರು ಬಿಡಲಿಲ್ಲ.”

ಮಚ್ಚು ಹಿಡಿದ ಹೆಂಗಸನ್ನು ಕಂಡು ನಾಲ್ವರೂ ಮೆಟ್ಟಿಲಿಳಿದು ಓಡಿದರಂತೆ. ಓಡುವಾಗ ಒಬ್ಬನ ಬೆನ್ನಿಗೆ ಶಿವಮ್ಮ ಮಚ್ಚಿನ ಹಿಂಬದಿಯಿಂದ ಬಿಟ್ಟರಂತೆ. ಅಲಗಿನಿಂದಲೇ ಬಿಡಬೇಕಿತ್ತು ಎಂದು ನನಗೆ ಆ ಗಳಿಗೆಯಲ್ಲಿ ಅನಿಸಿತು. ಅವನು ನನ್ನ ಅಣ್ಣನೇ ಆಗಿದ್ದರೂ ಸರಿಯೇ.

ಆಸ್ಪತ್ರೆಯಲ್ಲಿ ಸರ್ ಗೋಡೆಗೆ ಒರಗಿ ಕೂತಿದ್ದರು. ಒಂದು ಕಣ್ಣು ಊದಿ ಮುಚ್ಚಿತ್ತು. ತುಟಿಗೆ ಹೊಲಿಗೆ. ಬಲಗೈ ಮೊಣಕೈ ತನಕ ಬಿಳೀ ಪಟ್ಟಿ. ಎದುರಿಗೆ ಪೊಲೀಸಿನವರೊಬ್ಬರು ತಲೆ ಚಚ್ಚಿಕೊಳ್ಳುತ್ತಿದ್ದರು.

“ಹೊಡೆದೋರು ಯಾರು ಅಂತ ಗೊತ್ತೇನ್ರೀ ನಿಮಗೆ?”

“ಗೊತ್ತು.”

“ಮತ್ತೆ ಹೇಳ್ರೀ ಮೇಷ್ಟ್ರೇ!”

“ಹೇಳಲ್ಲ.”

ಪೊಲೀಸಿನವರು ಹೋದ ಮೇಲೆ ನಾನು ಕೂಗಾಡಿದೆ. ಹೆಸರು ನಾನು ಕೊಡುತ್ತೇನೆ, ನನ್ನ ಅಣ್ಣನೇ ಎಂದು ಬರೆಸುತ್ತೇನೆ, ಕೋಳ ಹಾಕಿಸುತ್ತೇನೆ ಎಂದೆ. ಸರ್ ತೆರೆದಿದ್ದ ಒಂದೇ ಕಣ್ಣಲ್ಲಿ ದುರುಗುಟ್ಟಿದರು.

“ಕೂತ್ಕೊಳ್ಳೇ ಸಾಕು. ನಿಮ್ಮಣ್ಣನ ಮೇಲೆ ದಯೆ ಬಂದಿದೆ ಅಂದ್ಕೋಬೇಡ. ಕೇಸಾದ್ರೆ ನಿನ್ನ ಸಾಕ್ಷಿ ಅಂತ ಕರೀತಾರೆ. ಮನೆಯೋರು ಬಂದು ಕಾಲು ಹಿಡೀತಾರೆ, ಅಳ್ತಾರೆ, ನೀನು ಕರಗ್ತೀಯ. ಮೇನ್ಸ್ ಎಕ್ಕುಟ್ಟಿ ಹೋಗ್ತದೆ. ಮೊದಲು ಮೇನ್ಸ್ ಮುಗೀಲಿ.” ಹೊಲಿಗೆ ಹಾಕಿದ ತುಟಿ ಒಂದು ಕಡೆ ಸೊಟ್ಟಗಾಯಿತು. ನಗುತ್ತಿದ್ದಾರೆ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. “ನಾಲ್ಕು ತಪ್ಪು ಬಂದಿದ್ವು ಕಣಮ್ಮ. ಒಂದು ಸರಿ ಉಳೀತಾ? ಹೆಂಗೆ ಬರೆದೆ?”

“ಉಳೀತು ಸರ್. ಗೊತ್ತಿಲ್ದಿರೋದನ್ನೆಲ್ಲ ಬಿಟ್ಟಿದೀನಿ. ಒಂದೂ ಊಹೆ ಹೊಡೆದಿಲ್ಲ.”

“ಗೊತ್ತಿದ್ದು ಬಿಟ್ಟಿಲ್ಲ ತಾನೆ?”

ಆಗ ನನಗೆ ಎಲ್ಲಿತ್ತೋ ಸಿಟ್ಟು, ಎಲ್ಲಿತ್ತೋ ದುಃಖ, ಎರಡೂ ಒಟ್ಟಿಗೆ ಉಕ್ಕಿದವು. “ನಾನು ಬಿಟ್ಟಿಲ್ಲ. ನೀವು ಬಿಟ್ಟಿದೀರಿ. ಯಾವೂರು ಅಂತ ಗೊತ್ತಿತ್ತು, ಯಾರು ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟರೆ ಎರಡೇಟು ಅಂತ ನಿಮ್ಮದೇ ಕಾನೂನು.”

ಅವರು ಪಟ್ಟಿ ಇಲ್ಲದ ಎಡಗೈಯನ್ನು ನನ್ನ ಮುಂದೆ ಚಾಚಿದರು.

“ಹೌದು. ಹೊಡಿ.”

ಅಂಗೈ ತುಂಬ ಬೂಟಿನಿಂದ ತುಳಿದ ಗಾಯ. ಹೊಡೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಆ ಕೈಯನ್ನು ನನ್ನ ಹಣೆಗೊತ್ತಿಕೊಂಡು ಗೊಳೋ ಎಂದು ಅತ್ತೆ. “ಥೂ, ಅಳಬೇಡ. ಓದ್ಕೋ ಹೋಗು,” ಎಂದು ಬೈದರು.

ಬಲಗೈ ಸರಿಹೋಗಲಿಲ್ಲ. ಬೆರಳುಗಳು ಕೊಕ್ಕೆಯಾಗಿ ನಿಂತುಬಿಟ್ಟವು. ಸರ್ ಎಡಗೈಯಲ್ಲಿ ಬರೆಯಲು ಕಲಿತರು. ಎಡಗೈಯಲ್ಲಿ ಹೊಡೆಯುವುದನ್ನೂ ಕಲಿಯುತ್ತಾರೇನೋ ಎಂದು ಎಲ್ಲರೂ ಕಾದರು. ಕಲಿಯಲಿಲ್ಲ. ಬರಲು ಮೂಲೆಯಲ್ಲೇ ಒಣಗಿತು. ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಮ್ಮೆ ಶಿವಮ್ಮನೇ ಕೇಳಿದರಂತೆ. “ಏಟಿನ ಸದ್ದು ಕೇಳಿದ್ರೆ ಜನ ಓಡಿ ಬರಬೇಕು ಶಿವಮ್ಮ. ನಾನು ಈ ಬೀದೀನ ಕೆಡಿಸಿಬಿಟ್ಟಿದ್ದೆ,” ಅಂದರಂತೆ.

ನನ್ನ ಮೇನ್ಸ್ ಆಯಿತು, ಇಂಟರ್‌ವ್ಯೂ ಆಯಿತು, ಕೆಲಸವೂ ಆಯಿತು. ಆಮೇಲೆ ನೋಡಲು ಹೋದಾಗಲೆಲ್ಲ ಕಾಫಿ ಕುಡಿಸಿ, “ಎಷ್ಟು ತಪ್ಪು ಆದೇಶ ಬರೆದೆ?” ಎಂದು ಕೇಳುತ್ತಿದ್ದರು. ಇರಬೇಕು ಸರ್, ಒಂದೆರಡು, ಎಂದರೆ “ಇರಬೇಕಾ?” ಎಂದು ಹುಬ್ಬು ಗಂಟಿಕ್ಕುತ್ತಿದ್ದರು. ನನ್ನ ಅಂಗೈ ತಾನಾಗಿ ಮುದುರಿಕೊಳ್ಳುತ್ತಿತ್ತು. ಅಣ್ಣನ ಜೊತೆ ನಾನು ಮಾತು ಬಿಟ್ಟಿದ್ದೆ. ಸರ್ ಅವನ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ.

ಮಾದಿಹಳ್ಳಿಯಲ್ಲಿ ಅವರ ತಂಗಿಯ ಮನೆ ಮುಂದೆ ಹೆಣ ಇಟ್ಟಿದ್ದರು. ಎಷ್ಟೊಂದು ಸರ್ಕಾರಿ ಜೀಪುಗಳು ನಿಂತಿದ್ದವು ಎಂದರೆ ಯಾರೋ ಮಂತ್ರಿ ಸತ್ತಿದ್ದಾರೆ ಎಂದು ದಾರಿಹೋಕರು ಗಾಡಿ ಇಳಿದು ಕೇಳುತ್ತಿದ್ದರು. ಕನ್ನಡಕ ಹಾರಿಸಿಕೊಂಡಿದ್ದ ಬೇಲೂರಿನ ಹುಡುಗ ಈಗ ದೊಡ್ಡ ಅಧಿಕಾರಿ. ಮಗುವಿನ ಹಾಗೆ ಅಳುತ್ತಿದ್ದ. ಆ ಗುಂಪಿನ ಹಿಂದೆ, ಸೇವಂತಿಗೆ ಹಾರ ಹಿಡಿದು, ನನ್ನ ಅಣ್ಣ ನಿಂತಿದ್ದ. ತಲೆ ಪೂರಾ ನರೆತಿತ್ತು. ನಾನು ನೋಡಿದೆ ಎಂದು ಗೊತ್ತಾದ ಮೇಲೆ ಹತ್ತಿರ ಬಂದ.

“ಒಂದ್ ಮಾತು ಕೇಳ್ಲಾ?” ಎಂದ. “ಪೊಲೀಸ್ನೋರಿಗೆ ಅವ್ರು ನನ್ನ ಹೆಸರು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಇಷ್ಟು ವರ್ಷ ಯೋಚನೆ ಮಾಡಿದೀನಿ ಕಣೇ. ನನ್ನ ಕ್ಷಮಿಸಿಬಿಟ್ಟಿದ್ರು, ಅಲ್ವಾ?”

ಹೂಂ ಅಂದುಬಿಡಬಹುದಿತ್ತು. ಸುಮ್ಮನಿದ್ದರೂ ಅವನು ಹೂಂ ಎಂದೇ ತಿಳಿದುಕೊಂಡು ಮನೆಗೆ ಹೋಗುತ್ತಿದ್ದ. ಹೆಣದ ಮೇಲಿನ ಬಟ್ಟೆಯಿಂದ ಆ ಕೊಕ್ಕೆ ಬೆರಳುಗಳು ಆಚೆ ಕಾಣುತ್ತಿದ್ದವು. ಗೊತ್ತಿದ್ದ ಉತ್ತರ ಬಿಟ್ಟರೆ ಎರಡೇಟು.

“ಇಲ್ಲ,” ಎಂದೆ. “ನಿನ್ನನ್ನ ಕ್ಷಮಿಸಿರಲಿಲ್ಲ. ಕೇಸಾದ್ರೆ ನನ್ನ ಮೇನ್ಸ್ ಹಾಳಾಗ್ತದೆ ಅಂತ ಸುಮ್ಮನಿದ್ರು. ಅಷ್ಟೇ.”

“ಆಮೇಲೆ ಯಾವತ್ತಾದ್ರೂ ನನ್ನ ಬಗ್ಗೆ ಏನಾದ್ರೂ...”

“ಏನೂ ಅನ್ನಲಿಲ್ಲ. ಒಂದು ಮಾತೂ ಇಲ್ಲ.”

ಅವನ ಮುಖ ಬಾಡಿತು. ಹಾರ ಹಿಡಿದ ಕೈ ಕೆಳಗಿಳಿಯಿತು. ಅಷ್ಟರಲ್ಲಿ ಚಟ್ಟ ಎತ್ತಲು ಜನ ಕರೆದರು. ಅವನು ಚಪ್ಪಲಿ ಹುಡುಕುತ್ತ ಹಿಂದೆ ಸರಿದ. ನಾನು ಅವನ ರಟ್ಟೆ ಹಿಡಿದು ಎಳೆದೆ.

“ಎಲ್ಲಿಗೆ ಹೋಗ್ತೀಯ? ಹಾರ ಬೇಕಾಗಿಲ್ಲ ಅವರಿಗೆ. ಹೆಗಲು ಕೊಡು. ಅವರ ಬಲಗೈ ಕಡೆ ನಿಂತ್ಕೋ.”

ನಿಂತುಕೊಂಡ. ಗದ್ದೆಯ ಬದುವಿನ ಮೇಲೆ ಬಹಳ ದೂರ ನಡೆಯಬೇಕಿತ್ತು. ಉಳಿದವರೆಲ್ಲ ಸರದಿಯ ಮೇಲೆ ಹೆಗಲು ಬದಲಿಸಿದರು. ಅವನು ಬದಲಿಸಲಿಲ್ಲ. ಬದಲಿಸು ಎಂದು ನಾನೂ ಹೇಳಲಿಲ್ಲ.